ಬೂದಿಕೋಟೆ ಬಸ್ಸಿನ ಮಾತ್ರೆ ಲೆಕ್ಕ

ಬಾಡಿಗೆ ಮನೆ ತೋರಿಸಲು ಬಂದ ಸೆಲ್ವಿಯಕ್ಕ ಮೊದಲು ತೋರಿಸಿದ್ದು ಕಿಟಕಿ. "ಗಾಳಿ ಜೋರಾಗಿ ಬಂದ್ರೆ ಈ ಜನ್ನಲ್ ಮುಚ್ಚಿಬಿಡಮ್ಮಾ. ಇಲ್ಲಾಂದ್ರೆ ಬೆಟ್ಟ ಒಳಗೆ ಬರುತ್ತೆ" ಎಂದರು.

ನಾನು ಇಳಕಲ್ಲಿನವಳು. ನಮ್ಮ ಕಡೆಯ ಗುಡ್ಡಗಳು ಕೆಂಪು ಕಲ್ಲಿನವು, ಇದ್ದಲ್ಲೇ ಇರುತ್ತವೆ. ಆಂಡರ್ಸನ್‌ಪೇಟೆಯ ಆ ಕಿಟಕಿಯಿಂದ ಕಂಡ ಬೂದು ಬೆಟ್ಟ ಮಾತ್ರ ಬೇರೆ ಜಾತಿಯದು. ನೆಲದಡಿಯ ಕಲ್ಲನ್ನು ಹೊರತೆಗೆದು, ಹಿಟ್ಟು ಮಾಡಿ, ಚಿನ್ನ ಸೋಸಿಕೊಂಡ ಮೇಲೆ ಉಳಿದದ್ದನ್ನು ಸುರಿದು ಸುರಿದು ಆದ ಬೆಟ್ಟ ಅದು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಬೆಟ್ಟ ಮಾತ್ರ ಇನ್ನೂ ಊರಿನೊಳಗೆ ತಿರುಗಾಡುತ್ತಿದೆ. ಮೊದಲ ವಾರವೇ ನನ್ನ ತಟ್ಟೆ, ಹಾಸಿಗೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು, ಎಲ್ಲದರ ಮೇಲೂ ನಯವಾದ ಬೂದಿ ಕೂತಿತ್ತು.

ನರ್ಸಿಂಗ್ ಓದಿದ ನಾನು ಇಷ್ಟು ದೂರ ಬಂದದ್ದು ಸಂಶೋಧನೆಯ ಕೆಲಸಕ್ಕೆ. ಬಂಗಾರಪೇಟೆಯ ಒಂದು ಸಣ್ಣ ಆಸ್ಪತ್ರೆಯ ಹಿಂಬದಿಯ ಕೋಣೆ ನಮ್ಮ ಕೇಂದ್ರ. ಯಜಮಾನಿಕೆ ಬೆಂಗಳೂರಿನ ಡಾಕ್ಟರ್ ಮೇಡಂ ಅವರದು. ಕೋಣೆಯಲ್ಲಿ ಎರಡು ಕಪಾಟು. ಒಂದರಲ್ಲಿ ಹೃದಯದ ಸ್ನಾಯು ಸೋತವರ ಫೈಲುಗಳು ತುಂಬಿವೆ. ಇನ್ನೊಂದು ಅಪರೂಪದ ಕ್ಯಾನ್ಸರ್‌ಗಳದು, ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥವು. ಅದರಲ್ಲಿ ನಾಲ್ಕೇ ಫೈಲು ಇದ್ದವು, ನಾನು ಬಂದ ಮೇಲೆ ಒಬ್ಬರು ತೀರಿಕೊಂಡರು, ಅವರ ಫೈಲಿಗೆ ಕೆಂಪು ದಾರ ಕಟ್ಟಿ ಮೇಲಕ್ಕೆ ಎತ್ತಿಟ್ಟೆ. ಅಂದು ಮೇಡಂ ಹೇಳಿದ್ದು ನೆನಪಿದೆ: "ಇಷ್ಟು ಕಡಿಮೆ ಜನ ಇರುವ ಕಡೆ ಒಂದು ಸಾಲು ತಪ್ಪು ಬರೆದರೂ ಮುಂದಿನವರಿಗೆ ತಪ್ಪು ಔಷಧ ಹೋಗುತ್ತೆ." ಎರಡೂ ಕಪಾಟಿಗೆ ಆ ಮಾತು ಒಂದೇ ಎಂದು ನಾನೂ ತಲೆಯಾಡಿಸಿದ್ದೆ.

ಭಾಷೆಯ ಕಥೆ ಕೇಳಬೇಡಿ. ಕನ್ನಡನಾಡಿನಲ್ಲೇ ಇದ್ದೇನಲ್ಲ ಎಂಬ ನನ್ನ ಧೈರ್ಯ ಮೊದಲ ದಿನವೇ ಇಳಿದುಹೋಯಿತು. ಸೆಲ್ವಿಯಕ್ಕ ನನ್ನೊಡನೆ ಕನ್ನಡ, ಮಗಳೊಡನೆ ತಮಿಳು, ತರಕಾರಿಯವನೊಡನೆ ತೆಲುಗು ಆಡುತ್ತಾರೆ, ನಡುವೆ ಉಸಿರು ಕೂಡ ತೆಗೆದುಕೊಳ್ಳುವುದಿಲ್ಲ. ಅವರ ಮೂರೂ ಭಾಷೆ ಎಲ್ಲರಿಗೂ ಅರ್ಥವಾಗುತ್ತಿದ್ದವು, ನನ್ನ ಒಂದು ಕನ್ನಡ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. "ಎದಿ ಬಿಗಿತದೇನ್ರಿ?" ಎಂದರೆ ಹಳ್ಳಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಊಟದಲ್ಲೂ ಅದೇ ಪಾಡು. ನಮ್ಮಲ್ಲಿ ರೊಟ್ಟಿಯನ್ನು ಅಗಿದಷ್ಟೂ ರುಚಿ. ಇಲ್ಲಿ ರಾಗಿ ಮುದ್ದೆಯನ್ನು ಅಗಿದರೆ ಮನೆಮಂದಿಯೆಲ್ಲ ಕೈ ನಿಲ್ಲಿಸಿ ನೋಡುತ್ತಾರೆ. ಆದರೆ ಬಂಗಾರಪೇಟೆಯ ಪಾನಿಪೂರಿಗೆ ನಾನು ಸೋತೆ. ಅದರ ಪಾನಿ ಕುಡಿಯುವ ನೀರಿನಷ್ಟೇ ತಿಳಿ. ಮೋಸ ಮಾಡಿದನೇನೋ ಎಂದುಕೊಂಡು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ಭಾನುವಾರಗಳ ಒಂಟಿತನಕ್ಕೆ ನಾನು ಕಂಡುಕೊಂಡ ಮದ್ದು ಅದೊಂದೇ.

ಇನ್ನು ಕೆಲಸ. ಬೂದಿಕೋಟೆ ಕಡೆಯ ಹಳ್ಳಿಗಳಿಂದ ಆರು ಜನ ಹೆಂಗಸರು ನಮ್ಮ ಹೃದಯದ ಅಧ್ಯಯನದಲ್ಲಿದ್ದರು. ನಾಲ್ಕು ವಾರಕ್ಕೊಮ್ಮೆ ಮಂಗಳವಾರ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಅವರಲ್ಲಿ ಹಿರಿಯಳು ನಾರಾಯಣಮ್ಮ. ಎರಡು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಹಾಲಿನ ಕ್ಯಾನು ಎತ್ತಿದರೆ ಉಸಿರು ಕಟ್ಟುತ್ತದೆ, ಸಂಜೆಗೆ ಪಾದ ಊದುತ್ತದೆ. ಮೊದಲ ದಿನ ಅವಳಿಗೆ ವಿವರಿಸಿ ಒಪ್ಪಿಗೆ ಪಡೆಯಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಹಳೆಯ ಮಾತ್ರೆಗಳ ಜೊತೆಗೆ ಹೊಸದೊಂದು ಮಾತ್ರೆ ಕೊಡುತ್ತೇವೆ, ಕೆಲವರ ಡಬ್ಬಿಯಲ್ಲಿ ಔಷಧ ಇರುತ್ತದೆ, ಕೆಲವರದರಲ್ಲಿ ಬರೀ ಹಿಟ್ಟು ಇರುತ್ತದೆ, ನೋಡಲು ಎರಡೂ ಒಂದೇ ಎಂದೆ.

"ನನ್ನ ಡಬ್ಬೀಲಿ ಯಾವ್ದು?"

"ನನಗೆ ಗೊತ್ತಿಲ್ಲ ಅಮ್ಮ."

"ದೊಡ್ಡ ಡಾಕ್ಟ್ರಿಗೆ?"

"ಅವರಿಗೂ ಗೊತ್ತಿರಲ್ಲ. ಕಂಪ್ಯೂಟರಿಗೆ ಮಾತ್ರ ಗೊತ್ತು. ಗೊತ್ತಿದ್ದರೆ ನಾವು ಪಕ್ಷಪಾತ ಮಾಡ್ತೀವಿ ಅಂತ."

ಅವಳು "ಅಳೇ ಮಾತ್ರೆ ನಿಲ್ಸಲ್ಲ ತಾನೆ?" ಎಂದು ಕೇಳಿ, ಇಲ್ಲ ಎಂದ ಮೇಲೆ ಸಹಿ ಹಾಕಿದಳು. ಮಾತ್ರೆಯನ್ನು ಬೆಳಗ್ಗೆ ತಿಂಡಿ ಆದ ಮೇಲೇ ನುಂಗಬೇಕು, ಖಾಲಿ ಹೊಟ್ಟೆಗೆ ಕೂಡದು ಎಂದು ನಾನು ಮೂರು ಸಲ ಹೇಳಿದೆ.

ಡಬ್ಬಿಯಲ್ಲಿ ಮೂವತ್ತೈದು ಮಾತ್ರೆ ಇರುತ್ತಿದ್ದವು. ಇಪ್ಪತ್ತೆಂಟು ದಿನಕ್ಕೆ ಇಪ್ಪತ್ತೆಂಟು ಹೋಗಿ ಏಳು ಉಳಿಯಬೇಕು. ಡಬ್ಬಿ ವಾಪಸು ತಂದಾಗ ನಾನು ಎಣಿಸಿ ಬರೆಯಬೇಕು. ಮೊದಲ ತಿಂಗಳು ಆರು ಡಬ್ಬಿಯಲ್ಲೂ ಹತ್ತು, ಹನ್ನೆರಡು, ಹದಿನೈದು ಹೀಗೆ ಉಳಿದಿದ್ದವು. ಫೋನಿನಲ್ಲಿ ಮೇಡಂ ಕೂಗಾಡಿದರು, ಧ್ವನಿ ವರಾಂಡಕ್ಕೆ ಕೇಳಿಸಿತು. ಊರು ಬಿಟ್ಟು ಬಂದು ಎರಡು ತಿಂಗಳೂ ಆಗಿರಲಿಲ್ಲ, ನನಗೆ ಅಳು ತಡೆಯಲಾಗಲಿಲ್ಲ. ನಾರಾಯಣಮ್ಮ ಒಳಗೆ ಬಂದು ತನ್ನ ಬಾಟಲಿಯ ಮಜ್ಜಿಗೆ ಕೊಟ್ಟಳು. "ಯಾಕ್ ಪಾಪಾ, ಯಾರ್ ಏನಂದ್ರು?" ಎಂದಳು. ಇಲ್ಲಿ ಹೆಣ್ಣುಮಕ್ಕಳನ್ನು ಪಾಪಾ ಎಂದೇ ಕರೆಯುತ್ತಾರೆ. ನಾನು ಮೂಗೊರೆಸಿಕೊಂಡು, "ನೀವು ಮಾತ್ರೆ ಉಳಿಸಿದರೆ ನನಗೆ ಬೈತಾರೆ" ಎಂದುಬಿಟ್ಟೆ. ಆ ಒಂದು ಮಾತು ನಾನು ಆಡಬಾರದಿತ್ತು.

ಮುಂದಿನ ತಿಂಗಳಿನಿಂದ ಆರು ಡಬ್ಬಿಯಲ್ಲೂ ಏಳೇ ಏಳು. ಸುತ್ತಿನ ಎಲ್ಲ ಕೇಂದ್ರಗಳಿಗೂ ನಮ್ಮದು ಮಾದರಿ ಎಂದು ಬೆಂಗಳೂರಿನಿಂದ ಹೊಗಳಿಕೆ ಬಂತು. ನಾನು ಹಿಗ್ಗಿಹೋದೆ, ಅವ್ವನಿಗೆ ಫೋನ್ ಮಾಡಿ ಹೇಳಿಕೊಂಡೆ. ಅಷ್ಟರಲ್ಲಿ ಆ ಹೆಂಗಸರಿಗೂ ನನಗೂ ಬಳಕೆ ಬೆಳೆದಿತ್ತು. ಬರುವಾಗ ಹುರುಳಿಕಾಯಿ, ಹುಣಸೆ ಚಿಗುರು ತರುತ್ತಿದ್ದರು. ಮನೆಭೇಟಿಗೆ ಬೂದಿಕೋಟೆ ಬಸ್ಸು ಹತ್ತಿದರೆ ಯಾರಾದರೊಬ್ಬರು ಜರುಗಿ ಜಾಗ ಮಾಡುತ್ತಿದ್ದರು. ನನ್ನ ಮಾತಿಗೆ ನಗುವುದು ನಿಂತಿತ್ತು, ಅಥವಾ ನನ್ನನ್ನೂ ಸೇರಿಸಿಕೊಂಡು ನಗುತ್ತಿದ್ದರು. ಇಲ್ಲಿ ನೆಲೆ ಸಿಕ್ಕಿತು ಎಂದು ನನಗೆ ಅನ್ನಿಸಿದ್ದು ಆ ದಿನಗಳಲ್ಲಿ.

ಶ್ರಾವಣ ಮುಗಿಯುವ ಹೊತ್ತಿಗೆ ನಾರಾಯಣಮ್ಮನ ತೂಕ ಏರಿತ್ತು. ಕಾಲ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನಮ್ಮ ವರಾಂಡದ ಉದ್ದಕ್ಕೆ ಎರಡು ಸಲ ನಡೆದು ಗೋಡೆ ಹಿಡಿದಳು. ಕಾಗದದ ಪ್ರಕಾರ ಅವಳು ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಅಂದಮೇಲೆ ಈಗಿನ ಪ್ರಮಾಣ ಅವಳಿಗೆ ಸಾಲುತ್ತಿಲ್ಲ, ಹೊಸದನ್ನೂ ಹಳೆಯದನ್ನೂ ಎರಡು ಪಟ್ಟು ಮಾಡೋಣ ಎಂದು ಮೇಡಂ ನಿರ್ಧರಿಸಿದರು. ಅದನ್ನು ತಿಳಿಸಿ ಒಪ್ಪಿಗೆ ಪಡೆಯಲು ನಾನು ಅವಳ ಮನೆಗೆ ಹೋದೆ.

ಅಂಗಳದಲ್ಲಿ ಸೊಸೆ ಮಂಜುಳಾ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ವಿಷಯ ಹೇಳಿದೆ. ದಿನಾ ತಪ್ಪದೆ ನುಂಗಿದರೂ ಊತ ಇಳಿದಿಲ್ಲ, ಅದಕ್ಕೇ ಜಾಸ್ತಿ ಮಾಡ್ತಾರೆ ಎಂದೆ. ಮಂಜುಳಾ ಹುಲ್ಲಿನ ಹೊರೆ ಹಿಡಿದುಕೊಂಡೇ ನಿಂತಳು. "ದಿನಾ ಎಲ್ಲಿ ನುಂಗ್ತಾರಕ್ಕಾ? ಶನಿವಾರ ಒಪ್ಪತ್ತು. ಶ್ರಾವಣ ಬಂತು ಅಂದ್ರೆ ಸೋಮವಾರಾನೂ."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ದೀಪ ಹಚ್ಚಿದ ಮೇಲೆ. ನಾರಾಯಣಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಖಾಲಿ ಒಟ್ಟೇಲಿ ನುಂಗ್ಬೇಡ ಅಂತ ನೀನೇ ಏಳಿದ್ದಲ್ಲಮ್ಮ" ಎಂದಳು.

"ಹಾಗಾದರೆ ಡಬ್ಬಿಯಲ್ಲಿ ಏಳೇ ಹೇಗೆ ಉಳಿತಿತ್ತು?"

ಅವಳು ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಹಳೆಯ ಬಿಸ್ಕತ್ತು ಡಬ್ಬಿ ತಂದು ನನ್ನ ಮುಂದೆ ತೆರೆದಿಟ್ಟಳು. ಒಳಗೆ ನಮ್ಮ ಮಾತ್ರೆಗಳು. ಅವಳ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಮಂಗಳವಾರ ಬಸ್ಸು ಹತ್ತಿದ ಕೂಡಲೇ ಆರು ಜನವೂ ಡಬ್ಬಿ ಬಿಚ್ಚಿ, ಮಡಿಲಲ್ಲಿ ಟವೆಲು ಹಾಸಿ, ಏಳೇಳು ಎಣಿಸಿ ಒಳಗಿಟ್ಟು, ಮಿಕ್ಕಿದ್ದನ್ನು ಅವಳ ಕೈಗೆ ಕೊಡುತ್ತಿದ್ದರಂತೆ. ಹಳೆಯ ಮಾತ್ರೆಗಳನ್ನೂ ಒಪ್ಪತ್ತಿನ ದಿನ ಯಾರೂ ಮುಟ್ಟುತ್ತಿರಲಿಲ್ಲವಂತೆ. "ಔಷ್ದಿ ಬಿಸಾಡ್ಬಾರ್ದು, ಅದ್ಕೇ ಇಟ್ಟಿವ್ನಿ. ನಿಂಗೆ ಬೈಗ್ಳ ಬೀಳ್ಬಾರ್ದು ಅಂತ ಮಾಡಿದ್ವಿ ಪಾಪಾ" ಎಂದಳು.

ಯಾರದು ಎಷ್ಟು ಎಂದು ಕೇಳಿದೆ. ಅವಳು ನಕ್ಕಳು. "ಎಲ್ಲಾರ್ದೂ ಬೆರ್ತೋಗೈತೆ. ಅದ್ರಾಗೇನಿದೆ, ಎಲ್ಲಾ ಒಂದೇ ತರ ಅವೆ."

ನೂರ ಹದಿನಾಲ್ಕು ಮಾತ್ರೆ ಎಣಿಸಿದೆ. ಔಷಧದ್ದೂ ಹಿಟ್ಟಿನದೂ, ಆರು ಜನರ ನಾಲ್ಕು ತಿಂಗಳೂ ಅದರಲ್ಲಿ ಕಲಸಿಹೋಗಿದ್ದವು. ಈಗ ಪ್ರಮಾಣ ಎರಡು ಪಟ್ಟಾಗಿ, ಶ್ರಾವಣ ಮುಗಿದು, ಈಕೆ ಶನಿವಾರ ಬಿಟ್ಟು ದಿನಾ ತಪ್ಪದೆ ನುಂಗಲು ಶುರು ಮಾಡಿದರೆ ರಕ್ತದೊತ್ತಡ ಕುಸಿದು ಕೊಟ್ಟಿಗೆಯಲ್ಲೇ ಬಿದ್ದುಹೋಗಬಹುದು. ಪ್ರಮಾಣ ಹೆಚ್ಚಿಸುವ ಕಾಗದವನ್ನು ಚೀಲದಿಂದ ತೆಗೆಯಲೇ ಇಲ್ಲ.

ಆದರೂ ಒಂದು ಆಸೆ ನನ್ನನ್ನು ಬಸ್ಸಿನುದ್ದಕ್ಕೂ ಕಾಡಿತು. ಇನ್ನು ಮೇಲೆ ಒಪ್ಪತ್ತಿನ ದಿನ ಸಂಜೆ ನುಂಗಿ ಎಂದು ಇವರಿಗೆ ಹೇಳಿ, ಪ್ರಮಾಣ ಹೆಚ್ಚಿಸಲು ನಾರಾಯಣಮ್ಮ ಒಪ್ಪಲಿಲ್ಲ ಎಂದು ಬರೆದರೆ ಮುಗಿಯಿತು. ನಾರಾಯಣಮ್ಮನಿಗೂ ಅಪಾಯವಿಲ್ಲ, ನನ್ನ ಮಾದರಿ ಕೇಂದ್ರಕ್ಕೂ ಧಕ್ಕೆಯಿಲ್ಲ. ನಾನು ಒಳ್ಳೆಯವಳೆಂದು ಹೇಳಿಕೊಳ್ಳುವುದಿಲ್ಲ. ಮನೆ ಸೇರುವವರೆಗೂ ಅದನ್ನೇ ಮಾಡುವ ಯೋಚನೆಯಲ್ಲಿದ್ದೆ.

ಸೆಲ್ವಿಯಕ್ಕ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಹೆಸರು ಹೇಳದೆ ವಿಷಯ ಹೇಳಿದೆ. ಅವರ ಅಪ್ಪ ಗಣಿಯೊಳಗೆ ದುಡಿದವರು. "ತಪಾಸಣೆ ದಿನ ನಮ್ಮಪ್ಪ ಕೆಮ್ಮು ನುಂಗ್ತಿದ್ರು. ಕೆಮ್ಮಿದ್ರೆ ಕೆಲಸದಿಂದ ತೆಗೀತಾರೇನೋ ಅಂತ ಭಯ. ಜೊತೆಯವರೂ 'ಇವನಿಗೇನೂ ಇಲ್ಲ ಸಾರ್' ಅಂತಿದ್ರು. ಆರೋಗ್ಯ ಚೆನ್ನಾಗಿದೆ ಅಂತ ಬರೆದ್ರು" ಎಂದರು. ಒಂದು ಕಡ್ಡಿ ಕಿತ್ತು ಪಕ್ಕಕ್ಕೆ ಹಾಕಿ, "ಆ ಕಾಗದ ಇನ್ನೂ ಪೆಟ್ಟಿಗೇಲಿದೆ. ನಮ್ಮಪ್ಪ ಇಲ್ಲ" ಎಂದರು. ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಅಂದೇ ಸಂಜೆ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನಾನು ಆಡಿದ ಮಾತನ್ನೂ ಸೇರಿಸಿ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡಿದ್ದೆ. ಅವರು ಮೊದಲು ಕೇಳಿದ್ದು, "ಆಕೆಗೆ ಮಲಗಿದಾಗ ಉಸಿರಾಟ ಹೇಗಿದೆ?" ಎಂದು. ಆಮೇಲೆ ಹೇಳಿದರು: "ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನೀವು ಅಂದದ್ದನ್ನೂ ಬರೆಯಿರಿ. ಅವತ್ತು ನಾನು ಕೂಗಾಡಿದ್ದನ್ನೂ ಬರೆಯಿರಿ."

ಪ್ರಮಾಣ ಹೆಚ್ಚಿಸುವುದು ನಿಂತಿತು. ಒಪ್ಪತ್ತಿನ ದಿನದ ಮಾತ್ರೆಗಳನ್ನೆಲ್ಲ ಮೇಡಂ ಅವರೇ ಸಂಜೆ ಊಟದ ನಂತರಕ್ಕೆ ಬದಲಿಸಿದರು. ಆರೂ ಜನರ ಹಿಂದಿನ ತಿಂಗಳುಗಳ ಲೆಕ್ಕದ ಮೇಲೆ ನಂಬಲರ್ಹವಲ್ಲ ಎಂಬ ಷರಾ ಬಿತ್ತು. ಭಾಗವಹಿಸುವವರು ತಂದದ್ದನ್ನು ಸಿಬ್ಬಂದಿ ತಿನ್ನಬಾರದು, ಪಡೆಯಬಾರದು ಎಂಬ ನಿಯಮವನ್ನು ನನಗೆ ಮತ್ತೊಮ್ಮೆ ಓದಿ ಹೇಳಿದರು.

ಇದನ್ನೆಲ್ಲ ಅವರಿಗೆ ತಿಳಿಸುವ ಕೆಲಸವೂ ನನ್ನದೇ. ಮುಂದಿನ ಮಂಗಳವಾರ ಆರೂ ಜನರನ್ನು ಕರೆಸಿ, ಅವರ ಎದುರು ನಿಂತು ಹೇಳಿದೆ, ಅವರು ತಂದಿದ್ದ ಹುರುಳಿಕಾಯಿಯ ಚೀಲವನ್ನು ಹಿಂದಿರುಗಿಸಿದೆ. ನಾರಾಯಣಮ್ಮ, "ನಮ್ಮನೇಲಿ ಕೂತು, ಮಜ್ಜಿಗೆ ಕುಡ್ದು, ನಮ್ಮೇಲೇ ಬರ್ದು ಕಳ್ಸಿದ್ಯಾ?" ಎಂದಳು. ಹೌದು ಎಂದೆ. ನನಗೆ ಬಹಳ ನೋವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಆ ವಾರ ಅವ್ವ ಫೋನಿನಲ್ಲಿ ಊರಿಗೆ ಬಂದುಬಿಡು ಎಂದಳು. "ಮಂದಿ ಕಾಡಿಸಿದ್ರ ಯಾಕ ಇರ್ತಿ ಅಲ್ಲಿ? ಇಲ್ಲೇನ್ ದವಾಖಾನಿ ಇಲ್ಲೇನು?" ನನ್ನನ್ನು ಯಾರೂ ಕಾಡಿಸಿಲ್ಲ, ನಾನೇ ಅವರನ್ನು ನೋಯಿಸಿದ್ದೇನೆ ಎಂದು ಅವ್ವನಿಗೆ ತಿಳಿಸಿ ಹೇಳಲು ಆಗಲಿಲ್ಲ. ಇಳಕಲ್ಲಿನ ಮಾತಿನಲ್ಲಿ ಬಂಗಾರಪೇಟೆಯ ಸಂಕಟ ಹೇಳುವುದು ನನಗೆ ಕಷ್ಟವಾಗತೊಡಗಿದೆ. ಇಲ್ಲಿಯ ಮಾತಿನಲ್ಲಿ ಅವ್ವನ ನೆನಪು ಹೇಳುವುದೂ ಅಷ್ಟೇ ಕಷ್ಟ.

ಕಳೆದ ಮಂಗಳವಾರ ಆರೂ ಜನ ಬಂದರು. ಒಬ್ಬರೂ ತಪ್ಪಿಸಿಕೊಂಡಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ನಾರಾಯಣಮ್ಮನ ಪಾದದಲ್ಲಿ ಗುಳಿ ಬೀಳಲಿಲ್ಲ. ವರಾಂಡದ ಉದ್ದಕ್ಕೆ ಐದು ಸಲ ನಡೆದು, ಗೋಡೆ ಮುಟ್ಟದೆ ಬಂದು ಕೂತಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಎಂಟವೆ. ಒಂದಿನ ಹಸು ಕರು ಹಾಕ್ತು, ಮರ್ತೋದೆ" ಎಂದಳು.

ನಾನು ಎಣಿಸಿದೆ. ಎಂಟೇ ಇದ್ದವು.

"ಸಿಟ್ಟು ಹೋಯ್ತಾ ಅಮ್ಮ?" ಎಂದು ಕೇಳಿದೆ.

ಅವಳು ಕಾಲನ್ನು ಚಪ್ಪಲಿಗೆ ತೂರಿಸುತ್ತ ಹೇಳಿದಳು: "ಸಿಟ್ಟೇನಿಲ್ಲ ಬುಡು. ನಮ್ಮೋಳು ಅಂತ ಆವತ್ತು ಸುಳ್ಳು ಏಳಿದ್ವಿ. ಈಗ ನಿಜ ಏಳ್ತಾ ಇದ್ದೀವಿ."

ಹೊರಗೆ ಉಳಿದ ಐವರು ಅವಳಿಗಾಗಿ ಕಾಯುತ್ತಿದ್ದರು, ಬೂದಿಕೋಟೆ ಬಸ್ಸಿಗೆ ಹೊತ್ತಾಗಿತ್ತು. ಅವಳು ಎದ್ದು ಹೋದಳು. ಉಳಿದದ್ದು ಎಂಟು ಎಂದು ನಾನು ಬರೆದುಕೊಂಡೆ.