ಖಾಲಿ ಮಗ್ಗದ ಫೋಟೊ

ಚಳ್ಳಕೆರೆಯ ಆ ತರಬೇತಿ ನೆನಪಾದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಸಣ್ಣ ಉದ್ಯಮದವರು ಸರಕು ತರಿಸುವುದು, ಇಡುವುದು, ಸಾಗಿಸುವುದು ಹೇಗೆಂದು ಎರಡು ದಿನ ಕೂರಿಸಿ ಹೇಳಿಕೊಟ್ಟರು. ಪಾಠ ಮಾಡಿದ ಮೇಷ್ಟ್ರದು ಗರಿಗರಿ ಇಸ್ತ್ರಿ ಅಂಗಿ. ಒಂದು ದಿನವೂ ಮಗ್ಗದ ಹತ್ತಿರ ಕೂತವರಲ್ಲ. "ಸುಮ್ಮನೆ ಕೂತ ಸರಕು ಸತ್ತ ಸರಕು. ಮೊದಲು ಹೊರಗೆ ಹಾಕಿ" ಅಂದರು. ನಾನು ಅದರ ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುವವಳು ದೊಡ್ಡವ್ವ, ನಮ್ಮವ್ವನ ಅಕ್ಕ. ಇರುವುದು ಒಂದೇ ಮಗ್ಗ. ವ್ಯಾಪಾರಿ ಹಾಸಿನ ನೂಲು, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳನ್ನು, ಕಳಿಸಬೇಕು, ಅವಳು ನೇಯಬೇಕು, ನಾನು ಸೀರೆ ಮುಟ್ಟಿಸಬೇಕು. ಓದು ಮುಗಿಸಿ ಬಂದ ಮೇಲೆ ಬಸ್ಸು, ಫೋನು ನನ್ನ ಪಾಲಿಗೆ ಬಂದವು. ಮಗ್ಗದ ಗುಂಡಿಗೆ ನಾನು ಇಳಿದವಳೇ ಅಲ್ಲ.

ಆ ಸಲ ನೂಲು ಬರುವುದು ವಾರಗಟ್ಟಲೆ ತಡವಾಯಿತು. ಹಿಂದಿನ ಸೀರೆಯ ಹಾಸಿನ ತುದಿ ಮೊಳದಷ್ಟು ಮಗ್ಗದ ಮೇಲೆ ಹಾಗೇ ಇತ್ತು. ದೊಡ್ಡವ್ವ ದೇವಸಮುದ್ರಕ್ಕೆ ಮಗಳ ಬಾಣಂತನಕ್ಕೆ ಹೋಗಿದ್ದಳು. ಮೇಷ್ಟ್ರ ಮಾತು ತಲೆಗೇರಿತ್ತಲ್ಲ, ಕತ್ತರಿ ತಂದು ಆ ತುದಿ ಕತ್ತರಿಸಿ, ಎಳೆದು ಬಿಸಾಕಿ, ಮಗ್ಗ ಒರೆಸಿ, ಫೋಟೊ ತೆಗೆದು ಅವರಿಗೇ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರ ಬಂತು. ಎಷ್ಟು ಹಿಗ್ಗಿದೆನೋ!

ಬಸ್ಸಿಳಿದು ಬಂದ ದೊಡ್ಡವ್ವ ಮಗ್ಗ ನೋಡಿ ಚೀಲ ಕೆಳಗಿಡುವುದನ್ನೂ ಮರೆತು ನಿಂತಳು.

"ಯಾರು ಕತ್ತರ್ಸಿದ್ದು?"

"ನಾನೇ. ವೇಸ್ಟು ಅಲ್ವಾ ದೊಡ್ಡವ್ವಾ?"

"ಹೊಸ ಹಾಸು ಬಂದ್ರೆ ಅದಕ್ಕೇ ಕೆಚ್ಚೋದು ಕಣವ್ವಾ. ಈಗ ಏತಕ್ಕೆ ಕೆಚ್ಚಲಿ ಹೇಳು?"

ಹಳೆಯ ಎಳೆಗಳು ಆಗಲೇ ಹಣಿಗೆಯ, ಮಗ್ಗದ ಆ ಬಾಚಣಿಗೆಯ, ಸಂದುಗಳಲ್ಲಿ ಕೂತಿರುತ್ತವೆ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದು ಹೊಸ ಎಳೆಯನ್ನು ಒಂದೊಂದು ಹಳೆಯ ಎಳೆಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಆಮೇಲೆ ಎಳೆದರೆ ಸಾಕು, ಹೊಸ ಹಾಸು ತಾನಾಗಿ ಒಳಗೆ ಬರುತ್ತದೆ. ಆ ತುದಿ ಇಲ್ಲದಿದ್ದರೆ ಸಾವಿರಾರು ಎಳೆಗಳನ್ನೂ ಮೊದಲಿನಿಂದ ಪೋಣಿಸಬೇಕು. ನಾನು ಸತ್ತ ಸರಕು ಅಂದುಕೊಂಡಿದ್ದು ಅದನ್ನು.

ನೂಲು ಕೊನೆಗೂ ಬಂತು, ಜೊತೆಗೇ ವ್ಯಾಪಾರಿಯ ಫೋನೂ ಬಂತು. "ಅಮಾವಾಸ್ಯೆ ಒಳಗೆ ಸೀರೆ ಬರ್ಬೇಕು. ಇಲ್ಲಾಂದ್ರೆ ಇನ್ಮೇಲೆ ನಿಮಗೆ ನೂಲು ಕಳ್ಸಲ್ಲ, ಪವರ್‌ಲೂಮಿಗೆ ಕೊಡ್ತೀನಿ." ತಾನು ವಾರಗಟ್ಟಲೆ ಸತಾಯಿಸಿದ್ದರ ಬಗ್ಗೆ ಕೇಳಿದರೆ, "ಸಪ್ಲೈ ತೊಂದ್ರೆ ಇತ್ತಮ್ಮ" ಅಂದ.

ಪೋಣಿಸಲು ಕೂತೆವು. ಆ ಕಡೆಯಿಂದ ನಾನು ಒಂದೊಂದೇ ಎಳೆ ಕೊಡುವುದು, ಈ ಕಡೆಯಿಂದ ಅವಳು ಕೊಕ್ಕೆಯಲ್ಲಿ ಎಳೆದುಕೊಳ್ಳುವುದು. ಒಂದು ಎಳೆ ತಪ್ಪಿದರೆ ಅಲ್ಲಿಂದ ಮತ್ತೆ ಬಿಚ್ಚಬೇಕು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಳುವಲ್ಲ, ದಿಟ್ಟಿಸಿ ನೋಡಿ ನೋಡಿ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹತ್ತು ದಿನ ಅದಕ್ಕೇ ಹೋಯಿತು. ಸೀರೆ ಮುಗಿಯುವಾಗ ಅಮಾವಾಸ್ಯೆ ಕಳೆದು ನಾಲ್ಕು ದಿನ.

"ನಿಮ್ಮ ಕಡೆಯವ್ರು ಸೋಮಾರಿಗಳು" ಅಂದ ವ್ಯಾಪಾರಿ. ಅವನು ತಡ ಮಾಡಿದರೆ ಸಪ್ಲೈ ತೊಂದರೆ, ನಾವು ತಡ ಮಾಡಿದರೆ ಸೋಮಾರಿತನ! ಸೀರೆ ಇಟ್ಟುಕೊಂಡ. ನೂಲು ಮತ್ತೆ ಕಳಿಸಲಿಲ್ಲ.

ಆಮೇಲೆ ಚಳ್ಳಕೆರೆಯಲ್ಲಿ ಎರಡನೆಯ ತರಬೇತಿಗೆ ಕರೆದರು. ಮೇಷ್ಟ್ರಿಗೆ ಮುಖದ ಮೇಲೇ ಹೇಳಬೇಕೆಂದು ಹೋದೆ. ಪರದೆಯ ಮೇಲೆ ನಮ್ಮ ಮಗ್ಗವೇ ಬಂತು. ನಾನು ತೆಗೆದ ಫೋಟೊ. "ನೋಡಿ, ಎಷ್ಟು ಸ್ವಚ್ಛ! ಎಲ್ಲರೂ ಹೀಗಿರಬೇಕು" ಅಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, "ಸಾರ್, ಅದು ನಮ್ಮನೆ ಮಗ್ಗ. ನಿಂತೋಗೈತೆ" ಅಂದೆ.

"ಪ್ರಶ್ನೆಗಳು ಕೊನೆಗೆ" ಅಂದರು.

ಮನೆಗೆ ಬಂದಾಗ ದೊಡ್ಡವ್ವ ಕೇಳಿದಳು, "ಏನ್ ತೋರ್ಸಿದ್ರೇ?"

"ನಿನ್ನ ಮಗ್ಗ."

ಅವಳ ಮುಖ ಅರಳಿತು. "ಹೌದಾ! ನಾನಿದ್ನಾ ಅದ್ರಾಗೆ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಆ ಕೊನೆಯ ಸೀರೆ ಇಳಿಸುವಾಗ ಅವಳು ಮೊಳದಷ್ಟು ಹಾಸು ಬಿಟ್ಟೇ ಕತ್ತರಿಸಿದ್ದಳು. ಈಗ ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಹೋಗುವ ಮುಂಚೆ ದಿನಾ ಆ ತುದಿಯ ಮೇಲಿನ ಧೂಳು ಕೊಡವಿ, ಬಟ್ಟೆ ಹೊದಿಸುತ್ತಾಳೆ. ಬೂದಿಯ ಬಟ್ಟಲು ಪಕ್ಕದಲ್ಲೇ ಇದೆ. ಮನೆಯ ಕತ್ತರಿಯನ್ನು ಮಾತ್ರ ಎಲ್ಲೋ ಬಚ್ಚಿಟ್ಟಿದ್ದಾಳೆ.