ಕಮಲಾ ಅಕ್ಕೋರ ಉಡಿ

ಜೀವಕೋಶದ ಪಾಠ ಬಂತೆಂದರೆ ಕಮಲಾ ಅಕ್ಕೋರು ಪುಸ್ತಕ ಮುಚ್ಚಿ ನಮ್ಮನ್ನೆಲ್ಲ ಅಂಗಳಕ್ಕೆ ಹೊರಡಿಸುತ್ತಿದ್ದರು. ಕೈ ಕೈ ಹಿಡಿದು ನಿಲ್ಲಬೇಕು. ನಾವೇ ಕೋಶಗಳು, ನಮ್ಮ ಸಾಲೇ ಜಠರದ ಗೋಡೆ. ನಾನೊಬ್ಬಳು ಕೈ ಬಿಡಿಸಿಕೊಂಡು ಓಡುವವಳು. "ಏ ಹುಡುಗಿ, ಕೈ ಬಿಟ್ಟ ಕೋಶ ಎಲ್ಲಿ ಹೋಗಿ ಬೀಳತೈತಿ ಯಾರಿಗೆ ಗೊತ್ತು? ಬಂದು ಹಿಡ್ಕೋ," ಎಂದು ಗದರುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಹೀಗೆ ಆಡಿಸಿ ಕಲಿಸಿದವರು ಅವರೊಬ್ಬರೇ.

ಅವರ ಮನೆ ನಮ್ಮ ಮನೆಗೆ ಹತ್ತಿಕೊಂಡೇ ಇತ್ತು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಹೊಟ್ಟೆಯುರಿ ಮಾತ್ರ ಯಾವಾಗಲೂ ಇತ್ತು. ಖಾರ ಬಿಡಲೊಲ್ಲರು, ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ತಿಂದು, ಮೇಲೊಂದು ಸೋಡಾ ಕುಡಿದು, ಗ್ಯಾಸು, ಹೋಗುತ್ತದೆ ಎಂದು ಸುಮ್ಮನಾಗುತ್ತಿದ್ದರು.

ನಾನು ಧಾರವಾಡದಲ್ಲಿ ಲ್ಯಾಬಿನ ಕೆಲಸ ಕಲಿಯುತ್ತಿದ್ದಾಗ ಅವರ ಮುಟ್ಟು ನಿಂತಿತು, ವಾಂತಿ ಶುರುವಾಯಿತು, ಹೊಟ್ಟೆ ಮುಂದೆ ಬಂತು. ಓಣಿಯೆಲ್ಲ ಬಸಿರೆಂದಿತು. ದವಾಖಾನೆಗೆ ತೋರಿಸುವ ಮೊದಲೇ ನಮ್ಮವ್ವ ಹಸಿರು ಸೀರೆ, ಖಣ, ಕೊಬ್ಬರಿ, ಅಕ್ಕಿ ಒಯ್ದು ಉಡಿ ತುಂಬಿದಳು. ಅಕ್ಕೋರು ತಿಳಿಯದವರೇನಲ್ಲ. ಆದರೂ ಕಣ್ಣು ಮುಚ್ಚಿ, ಸೆರಗೊಡ್ಡಿ ಕುಳಿತಿದ್ದರು.

ಬೆಳಗಾವಿಯಲ್ಲಿ ತೋರಿಸಿದಾಗ ಎರಡೂ ಅಂಡಾಶಯಗಳಲ್ಲಿ ಗಡ್ಡೆ. ತೆಗೆದು ಪರೀಕ್ಷಿಸಿದರೆ ಅಲ್ಲಿದ್ದದ್ದು ಜಠರದ ಕ್ಯಾನ್ಸರ್ ಕೋಶಗಳು. ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಎಂದುಬಿಟ್ಟರು.

ಕೊನೆಯ ಸಲ ಹೋದಾಗ ಅಕ್ಕೋರು ಹಾಸಿಗೆ ಹಿಡಿದಿದ್ದರು. ಜಠರದ್ದು ಅಲ್ಲಿಗೆ ಹೇಗೆ ಹೋಯಿತೆಂದು ನನ್ನನ್ನೇ ಕೇಳಿದರು. ಕಲಿತದ್ದನ್ನು ತಡವರಿಸುತ್ತ ಹೇಳಿದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನು ಇಲ್ಲವಾದರೆ ಕೋಶ ಕಳಚಿಕೊಳ್ಳುತ್ತದೆ, ರಕ್ತದಲ್ಲೋ ದುಗ್ಧರಸದಲ್ಲೋ ತೇಲಿ ಹೋಗುತ್ತದೆ. ಅಂಡಾಶಯ ತಿಂಗಳು ತಿಂಗಳು ಅಂಡ ಬಿಡಲು ಹರಿದು ಮಾಯುತ್ತಿರುತ್ತದೆ. ಮಾಯಿಸಲು ಅಲ್ಲಿ ಒಸರುವ ರಾಸಾಯನಿಕಗಳೇ ಬಂದ ಕೋಶಕ್ಕೂ ಆಸರೆಯಾಗುತ್ತವೆ ಎನ್ನುತ್ತಾರೆ. ಪೂರ್ತಿ ಯಾರಿಗೂ ತಿಳಿದಿಲ್ಲ.

"ಕೂಸಿನ ಸಲುವಾಗಿ ಮಾಯೋ ಜಾಗಾ, ಅದಕ್ಕ ಮನಿ ಆತು," ಎಂದರು ಅಕ್ಕೋರು. ಆಮೇಲೆ ಗೋಡೆಯ ಕಡೆ ಹೊರಳಿ, "ಕೂಸು ಅಂತ ತಿಳದು ಅದರ ಜೋಡಿ ಮಾತಾಡೇನಿ, ತಂಗಿ. ದಿನಾ ಮಾತಾಡೇನಿ."

ಅವರ ಕೈ ಹಿಡಿದು ಕುಳಿತೆ. ಬಸ್ಸಿನ ಹೊತ್ತಾದಾಗ ನಾನೇ ಬಿಡಿಸಿಕೊಂಡು ಎದ್ದೆ.

ಆ ತಿಂಗಳೇ ಹೋದರು. ಮುತ್ತೈದೆಯಾಗಿ ಹೋದವರನ್ನು ಮಣ್ಣಿಗೊಯ್ಯುವ ಮುಂಚೆ ಉಡಿ ತುಂಬುವುದು ನಮ್ಮ ಪದ್ಧತಿ. ಅದೇ ಹಸಿರು ಸೀರೆ ಉಡಿಸಿದ್ದರು. ಮತ್ತೆ ನೀರು ತುಂಬಿ ಉಬ್ಬಿದ್ದ ಹೊಟ್ಟೆಯ ಮುಂದೆ ಅವ್ವ ಅಕ್ಕಿ ಹಿಡಿದು ಕುಳಿತಳು. ಅವಳಿಂದ ಆಗಲಿಲ್ಲ. ಕೊನೆಗೆ ಬೇರೆ ಯಾರೋ ತುಂಬಿದರು.