ಗದಿಗೆವ್ವನ ಡಬ್ಬಿ

ಬ್ಯಾಡಗಿಯ ಬಸ್ ನಿಲ್ದಾಣದ ಎದುರು ಪ್ರಭುಲಿಂಗಪ್ಪನವರ ಪಾನ್ ಅಂಗಡಿ. ಅಲ್ಲಿ ತಿಂಗಳ ಸಂಬಳಕ್ಕೆ ಕೂರುವ ಹನುಮೇಶನಿಗೆ ಇಪ್ಪತ್ನಾಲ್ಕು ವರ್ಷ. ಮೀಸೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಗೋಡೆಯ ಮೇಲೆ ‘ಇಪ್ಪತ್ತೊಂದು ವರ್ಷದೊಳಗಿನವರಿಗೆ ತಂಬಾಕು ಮಾರುವುದು ಅಪರಾಧ’ ಎಂಬ ಫಲಕ. ಅದರ ಕೆಳಗೇ ಅವನ ಆಧಾರ್ ಕಾರ್ಡಿನ ಪ್ರತಿ. ತಪಾಸಣೆಗೆ ಬಂದವರೆಲ್ಲ ಮೊದಲು ಅವನನ್ನೇ ಹಿಡಿಯುತ್ತಿದ್ದರಿಂದ ಮಾಲೀಕರು ತೂಗುಹಾಕಿಸಿದ್ದು. ಇಷ್ಟಾಗಿಯೂ ಅವನು ಒಂದು ಚಿಟಿಕೆ ತಂಬಾಕು ಬಾಯಿಗೆ ಹಾಕಿದವನಲ್ಲ. ವಾಸನೆಗೇ ತಲೆ ತಿರುಗುತ್ತಿತ್ತು.

ಮುಖ ನೆನಪಿಡುವುದು ಅವನಿಂದಾಗದು, ಡಬ್ಬಿ ನೆನಪಿಡುತ್ತಿದ್ದ. ಮುದುಕಿಯರು ಮಕ್ಕಳ ಕೈಯಲ್ಲಿ ತಮ್ಮ ಡಬ್ಬಿ ಕಳಿಸುವುದು ಅಲ್ಲಿನ ಹಳೇ ರೂಢಿ. ಗದಿಗೆವ್ವನದು ಎರಡು ಬಾಯಿಯ ಹಿತ್ತಾಳೆ ಡಬ್ಬಿ, ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. ಕಾಲು ಗಟ್ಟಿಯಿದ್ದಾಗ ತಾನೇ ಬರುತ್ತಿದ್ದಳು. ಆಮೇಲೆ ದಿನಾ ಮಧ್ಯಾಹ್ನ ಮೊಮ್ಮಗಳು ಶ್ವೇತಾ, ಶಾಲೆಯ ಸಮವಸ್ತ್ರದಲ್ಲೇ ತಂದಿಡುತ್ತಿದ್ದಳು. ಹನುಮೇಶ ತುಂಬಿ ಕೊಡುತ್ತಿದ್ದ. ಡಬ್ಬಿಗೆಲ್ಲಿಯ ವಯಸ್ಸು ಎಂದು ತನಗೆ ತಾನೇ ವಕೀಲನಾಗಿದ್ದ.

ಒಂದು ದಿನ ಹುಡುಗಿ ಅತ್ತ ಹೋಗುತ್ತಲೇ ಪಕ್ಕದ ಚಹಾ ಅಂಗಡಿಯ ಮುಸ್ತಾಕ್ ಕೇಳಿದ:

“ಯಾರ ಡಬ್ಬಿಲೇ ಅದು?”

“ಗದಿಗೆವ್ವಂದು.”

“ಆಕಿ ಹೋಗಿ ಎರಡು ತಿಂಗಳಾತು. ಮಣ್ಣಿಗೆ ನಾನೂ ಹೋಗಿದ್ದೆ. ನೀ ಯಾರಿಗೆ ತುಂಬಿ ಕೊಡಾಕತ್ತೀದಿ?”

ಮರುದಿನ ಹನುಮೇಶ ಮೊದಲ ಸಲ ಹುಡುಗಿಯ ಮುಖ ನೋಡಿದ.

“ಅಜ್ಜಿ ಇಲ್ಲಂತಲ್ಲವಾ. ಇದು ಯಾರಿಗೆ?”

“ಅಜ್ಜಿಗೇ. ಸಮಾಧಿ ಮ್ಯಾಲ ಇಡತೀನಿ. ಮರುದಿನ ಖಾಲಿ ಆಗಿರತೈತಿ.”

ಅವಳ ಕೆಳದುಟಿಯ ಎಡಗಡೆ ಉಬ್ಬಿತ್ತು. ಗದಿಗೆವ್ವ ತಂಬಾಕು ಇಟ್ಟುಕೊಳ್ಳುತ್ತಿದ್ದುದೂ ಅಲ್ಲೇ. ಹುಡುಗಿ ಪಕ್ಕಕ್ಕೆ ತಿರುಗಿ, ಎರಡು ಬೆರಳು ತುಟಿಗೆ ಒತ್ತಿ, ಮುದುಕಿಯ ಹಾಗೆಯೇ ಗಟಾರಕ್ಕೆ ಗುರಿಯಿಟ್ಟು ಉಗಿದಳು.

“ಲಗೂ ತುಂಬು ತಮ್ಮಾ. ಸುಣ್ಣಾ ಭಾಳ ಹಾಕಬ್ಯಾಡ.”

ನಿನ್ನೆಯವರೆಗೆ ಅವನು ಅವಳಿಗೆ ಅಣ್ಣ. ಪೆದ್ದನಂತೆ ಫಲಕ ತೋರಿಸಿದ.

“ನಿನಗ ವಯಸ್ಸೆಷ್ಟು?”

“ಬರೋ ಹುಣ್ಣಿಮಿಗೆ ಎಂಬತ್ತಮೂರು.”

ಅವಳು ನಗಲಿಲ್ಲ. ಮೆಣಸಿನಕಾಯಿ ಲಾರಿಯೊಂದು ಘಾಟು ಎಬ್ಬಿಸಿಕೊಂಡು ಹೋಯಿತು. ರಸ್ತೆಯವರೆಲ್ಲ ಸೀನಿದರು, ಅವಳೊಬ್ಬಳು ಕಣ್ಣು ಮಿಟುಕಿಸಲಿಲ್ಲ. ಈ ಮಗುವಿನ ಬಾಯಿಗೆ ತಂಬಾಕನ್ನು ದಿನಾ ಇಟ್ಟದ್ದು ತನ್ನದೇ ಕೈ. ಇವತ್ತೂ ತುಂಬಿದರೆ ಶ್ವೇತಾ ಇನ್ನು ತಿರುಗಿ ಬರಲಿಕ್ಕಿಲ್ಲ ಎಂದು ಹನುಮೇಶನಿಗೆ ಎನಿಸಿತು. ಖಾಲಿ ಡಬ್ಬಿ ಕಿತ್ತುಕೊಂಡು ಗಲ್ಲಾಪೆಟ್ಟಿಗೆಯ ಹಿಂದಿಟ್ಟ.

“ಕೊಡಂಗಿಲ್ಲ. ಅಜ್ಜಿಗೆ ಬೇಕಾದ್ರ ತಾನ ಬಂದು ತಗೊಳ್ಳಲಿ!”



ಮರುದಿನ ಮಧ್ಯಾಹ್ನ ಶ್ವೇತಾ ಬಂದಳು. ತುಟಿ ಮಟ್ಟಸವಾಗಿತ್ತು, ದನಿ ಮಗುವಿನದು.

“ಅಣ್ಣಾ, ಅಜ್ಜಿ ಡಬ್ಬಿ ಕೊಡ್ರಿ. ಅವ್ವ ಬೈಯಾಕತ್ತಾಳ.” ಅಷ್ಟರಲ್ಲೇ ಮೆಣಸಿನಕಾಯಿ ಘಾಟಿಗೆ ಎರಡು ಸಲ ಸೀನಿದಳು.

ಹನುಮೇಶನಿಗೆ ಹೋದ ಜೀವ ಬಂದಂತಾಯಿತು. ಡಬ್ಬಿ ತೆಗೆದ. ನಿನ್ನೆ ಖಾಲಿ ಇಟ್ಟಿದ್ದ ಡಬ್ಬಿಯ ಸುಣ್ಣದ ಕಡೆ ಹಸಿ ಸುಣ್ಣ, ಅದರಲ್ಲಿ ಬೆರಳಿನ ಗುರುತು; ತುಂಬಿದ ನೆನಪೇ ಅವನಿಗಿಲ್ಲ. ಅವನ ತೋರುಬೆರಳ ತುದಿ ಬೆಳ್ಳಗಿತ್ತು.

ಏನೋ ಹೇಳಲು ಬಾಯಿ ತೆರೆದ. ಕೆಳದುಟಿಯ ಎಡಗಡೆ ಚುರ್ರೆಂದು ಉರಿಯಿತು.

ಅವನಿಗೇನೋ ಕಾನೂನಿನ ಪ್ರಕಾರ ವಯಸ್ಸಾಗಿತ್ತು.